ರೋಬೋಟಿನ ಕೈ ಎತ್ತುವ ಲೀನಿಯರ್ ಆಕ್ಚುವೇಟರ್ (ಮೋಟರಿನಿಂದ ರಾಡನ್ನು ನೇರವಾಗಿ ಹೊರಕ್ಕೆ ತಳ್ಳುವ ಸಾಧನ) ಅರ್ಧಕ್ಕೇ ನಿಲ್ಲುತ್ತಿದೆ. ಅದರ ಬಾಡಿಯನ್ನು ಫ್ರೇಮಿಗೆ ಎರಡು ಕ್ಲ್ಯಾಂಪ್ ಹಾಕಿ ಬಿಗಿದಿದ್ದೇನೆ. 750 ನ್ಯೂಟನ್ ಬದಲು 1500 ನ್ಯೂಟನ್ನಿನದು ಹಾಕಲೇ?

ಹಾಕಬೇಡಿ. ಬಾಡಿಯನ್ನು ಫ್ರೇಮಿಗೆ ಎರಡು ಕ್ಲ್ಯಾಂಪ್ ಹಾಕಿ ಬಿಗಿದಿದ್ದೇನೆ ಅಂತ ಬರೆದಿದ್ದೀರಲ್ಲ, ಆ ಸಾಲು ಓದಿದ ಕೂಡಲೇ ನನಗೆ, ನಾವೂ ಹಾಗೇ ಬಿಗಿದಿದ್ದ 2019 ನೆನಪಾಯಿತು.

ಇಂಜಿನಿಯರಿಂಗ್ ಕೊನೆಯ ವರ್ಷ. ತೋಟದಲ್ಲಿ ಬಿದ್ದ ತೆಂಗಿನಕಾಯಿ ಎತ್ತಿ ಬುಟ್ಟಿಗೆ ಹಾಕುವ ರೋಬೋಟ್ ನಮ್ಮದು. ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದ 12 ವೋಲ್ಟಿನ, 100 ಮಿ.ಮೀ. ಸ್ಟ್ರೋಕಿನ (ರಾಡ್ ಹೊರಗೆ ಬರುವಷ್ಟು ದೂರ) ಆಕ್ಚುವೇಟರ್, ಅದೂ 750 ನ್ಯೂಟನ್ನೇ. ಕೈ ಅರ್ಧ ಏಳುತ್ತಿತ್ತು, ಗುಂಯ್ ಅಂದು ನಿಲ್ಲುತ್ತಿತ್ತು. ಶಕ್ತಿ ಸಾಲದು ಅಂದುಕೊಂಡು 1500 ನ್ಯೂಟನ್ನಿನದು ತಂದೆವು. ಅದು ನಿಲ್ಲಲಿಲ್ಲ. ತಳ್ಳಿತು, ರಾಡ್ ಬಾಗಿತು, ಅಲ್ಲೇ ಸಿಕ್ಕಿಕೊಂಡಿತು, ಮೋಟರಿಗೆ ಕರೆಂಟ್ ಕೊಡುವ ಎಲ್298ಎನ್ ಡ್ರೈವರ್ ಬೋರ್ಡಿನಿಂದ ಹೊಗೆ ಬಂತು. ಪ್ರದರ್ಶನಕ್ಕೆ ಇನ್ನು ಮೂರೇ ದಿನ.

ರೋಬೋಟನ್ನೂ ಬಾಗಿದ ರಾಡನ್ನೂ ಹಿಡಿದು ವೆಲ್ಡಿಂಗ್ ಅಂಗಡಿಗೆ ಹೋದೆ. ಅಲ್ಲಿನ ಅಣ್ಣ ರಾಡಿನ ತುದಿಯ ಪಿನ್ ಕಿತ್ತು, ರೋಬೋಟಿನ ಕೈಯನ್ನು ಮೆಲ್ಲಗೆ ಮೇಲೆತ್ತಿ, ಹಳೆಯ ಆಕ್ಚುವೇಟರಿನ ರಾಡನ್ನು ಪಕ್ಕಕ್ಕೆ ಹಿಡಿದ. ಕೈ ಕೆಳಗಿದ್ದಾಗ ರಾಡು, ಕೈ ಎರಡರ ಪಿನ್ ತೂತೂ ಸರಿಯಾಗಿ ಕೂಡುತ್ತಿತ್ತು. ಪೂರ್ತಿ ಮೇಲೆ ಹೋದಾಗಲೂ ಕೂಡುತ್ತಿತ್ತು. ನಡುವೆ ಮಾತ್ರ ಒಂದು ಬೆರಳಗಲ ಆಚೆ ಇತ್ತು.

ದಯವಿಟ್ಟು ಇದನ್ನು ಸಾವಕಾಶವಾಗಿ ಓದಿ, ನನ್ನ ಇಡೀ ಸೆಮಿಸ್ಟರ್ ಹೋಗಿದ್ದು ಇಲ್ಲೇ. ರಾಡ್ ಹೋಗುವುದು ನೇರ ಗೆರೆಯಲ್ಲಿ. ಕೈ ತಿರುಗುವುದು ಕಮಾನಿನಲ್ಲಿ. ನಮ್ಮ ಲಿವರ್ (ಕೈಯ ಕೀಲಿನಿಂದ ರಾಡಿನ ಪಿನ್ನಿನವರೆಗಿನ ದೂರ) 10 ಸೆಂ.ಮೀ., ತಿರುಗುತ್ತಿದ್ದದ್ದು 60 ಡಿಗ್ರಿ. ಲೆಕ್ಕ ಹಾಕಿದರೆ ಕಮಾನಿನ ನಡುಭಾಗ ನೇರ ಗೆರೆಯಿಂದ 13 ಮಿ.ಮೀ. ಹೊರಗೆ ಉಬ್ಬುತ್ತದೆ. ಬಾಡಿಯನ್ನು ಕ್ಲ್ಯಾಂಪಿನಲ್ಲಿ ಬಿಗಿದರೆ ಆ 13 ಮಿ.ಮೀ. ಅನ್ನು ರಾಡೇ ಬಾಗಿ ಕೊಡಬೇಕು. ರಾಡ್ ಇರುವುದು ಉದ್ದಕ್ಕೆ ತಳ್ಳುವುದಕ್ಕೆ, ಅಡ್ಡಕ್ಕೆ ಬಾಗುವುದಕ್ಕಲ್ಲ. ರಾಡನ್ನು ತಳ್ಳುವ ಒಳಗಿನ ಸ್ಕ್ರೂ, ನಟ್ ಎರಡೂ ಅಲ್ಲೇ ಬಿಗಿಯುತ್ತವೆ.

ಶಕ್ತಿ ಮೊದಲೂ ಸಾಕಷ್ಟಿತ್ತು. ಒಂದೂವರೆ ಕೆ.ಜಿ. ಕಾಯಿ, ಅರ್ಧ ಮೀಟರ್ ಕೈ, 10 ಸೆಂ.ಮೀ. ಲಿವರ್: ಐದು ಪಟ್ಟು ಭಾರ, ಅಂದರೆ ಸುಮಾರು 75 ನ್ಯೂಟನ್. ಕೈಯ ತೂಕಕ್ಕೆ ಇನ್ನೊಂದಷ್ಟು ಸೇರಿಸಿದರೂ 750ರ ಹತ್ತಿರಕ್ಕೂ ಬರುವುದಿಲ್ಲ.

ಹಾಗಾಗಿ ಕ್ಲ್ಯಾಂಪ್ ಕಿತ್ತುಹಾಕಿ. ಹಿಂದೆ ಒಂದು ಪಿನ್, ಮುಂದೆ ಒಂದು ಪಿನ್, ಎರಡೂ ಕಡೆ ಸಲೀಸಾಗಿ ತಿರುಗಬೇಕು. ಆ ಎರಡು ಪಿನ್ನೂ ಕೈಯ ಕೀಲೂ ಒಂದಕ್ಕೊಂದು ಸಮಾನಾಂತರ ಇರಲಿ. ದೊಡ್ಡದು ಹಾಕಿದರೆ ಇನ್ನೊಂದು ನಷ್ಟವೂ ಇದೆ: ಅದೇ ಮೋಟರಿಗೆ ನ್ಯೂಟನ್ ಹೆಚ್ಚಿದಷ್ಟೂ ವೇಗ ಇಳಿಯುತ್ತದೆ.

ಒಳಗೆ ಲಿಮಿಟ್ ಸ್ವಿಚ್ ಇದೆಯಲ್ಲ ಅಂತ ಧೈರ್ಯ ಬೇಡ. ಅದು ಎರಡು ತುದಿಯಲ್ಲಿ ಮಾತ್ರ ಕರೆಂಟ್ ಕತ್ತರಿಸುತ್ತದೆ, ನಡುವೆ ಸಿಕ್ಕಿಕೊಂಡರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಎಲ್298ಎನ್ ತಡೆಯುವುದು ಒಂದು ಚಾನೆಲ್ಲಿಗೆ 2 ಆಂಪಿಯರ್ ಅಷ್ಟೇ. ಅದಕ್ಕಿಂತ ಹೆಚ್ಚು ಕರೆಂಟ್ ತಡೆಯುವ ಬಿಟಿಎಸ್7960 ಡ್ರೈವರ್ ಹಾಕಿ, ಬ್ಯಾಟರಿಯ ತಂತಿಗೆ ಫ್ಯೂಸ್ ಹಾಕಿ.

ಇವತ್ತೇ ಪಿನ್ ಕಿತ್ತು, ಆ ಅಣ್ಣ ಮಾಡಿದಂತೆ ಕೈಯನ್ನು ಎತ್ತಿ ನೋಡಿ. ನಡುವೆ ತೂತು ಎಷ್ಟು ಆಚೆ ಹೋಯಿತು ಅಂತ ಸ್ಕೇಲ್ ಇಟ್ಟು ಅಳೆದು ಇಲ್ಲಿ ಬರೆಯಿರಿ, ಹಿಂದಿನ ಪಿನ್ ಎಲ್ಲಿ ಕೂರಬೇಕು ಅಂತ ಲೆಕ್ಕ ಮಾಡಿಕೊಡುತ್ತೇನೆ.