ಮಕ್ಕಳಿಗೆ ಜಾಮ್ ಕಲಿಸಬೇಕಾ, ತಕ್ಕಡಿ ಕಲಿಸಬೇಕಾ?

ಪ್ರಶ್ನೆ: ನಾನು ಪೊನ್ನಂಪೇಟೆ ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮ ಮಕ್ಕಳಲ್ಲಿ ಅರ್ಧ ತೋಟದ ಕಾರ್ಮಿಕರ ಲೈನ್‌ಮನೆಯವರು, ಉಳಿದವರು ಸಣ್ಣ ಬೆಳೆಗಾರರ ಮಕ್ಕಳು. ಒಂಬತ್ತನೇ ಕ್ಲಾಸಿಗೆ ಶನಿವಾರ ಆಹಾರ ಸಂಸ್ಕರಣೆ ಕಲಿಸಬೇಕು, ಮುಂದೆ ಕೆಲಸಕ್ಕೆ ದಾರಿಯಾಗಲಿ ಅಂತ ಆಸೆ. ಜಾಮ್, ಸ್ಕ್ವಾಷ್, ಉಪ್ಪಿನಕಾಯಿ ಅಂತ ಪಟ್ಟಿ ಮಾಡಿದ್ದೇನೆ. ‘ಅಡುಗೆ ಕಲಿಸೋಕೆ ಸ್ಕೂಲ್ ಬೇಕಾ’ ಅಂತ ಸಹೋದ್ಯೋಗಿಗಳು ನಗುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಗುವವರು ನಗಲಿ ಟೀಚರೇ. ಆದರೆ ನಿಮ್ಮ ಪಟ್ಟಿಯನ್ನು ಸದ್ಯಕ್ಕೆ ಮಡಚಿಡಿ. ಜಾಮ್ ಮಾಡೋದನ್ನು ಮಕ್ಕಳು ಅಜ್ಜಿಯಿಂದ ಕಲಿಯುತ್ತಾರೆ. ಅಜ್ಜಿ ಕಲಿಸದೇ ಇರೋದು ತೂಗುವುದು, ಅಳೆಯುವುದು, ಬರೆದಿಡುವುದು. ಕೆಲಸ ಕೊಡುವವರು ನೋಡೋದೂ ಅದನ್ನೇ.

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡು. ನಿವೃತ್ತಿಯಾದ ವರ್ಷ ಸೋಮವಾರಪೇಟೆ ಹತ್ತಿರದ ನಮ್ಮ ಮನೆಯಲ್ಲಿ ಜೇನು ಬಾಟಲಿಗೆ ತುಂಬಲು ಶುರು ಮಾಡಿದೆ. ಮಳೆ ಹಿಡಿದ ಮೇಲೆ ತೆಗೆದ ಜೇನು. ಹುಳ ಇನ್ನೂ ಮೇಣದ ಮುಚ್ಚಳ ಹಾಕಿರಲಿಲ್ಲ, ಅಂದರೆ ಜೇನು ಇನ್ನೂ ಪಕ್ವವಾಗಿರಲಿಲ್ಲ. ನಮಗೋ ಅವಸರ. ನಲವತ್ತೆರಡು ಬಾಟಲಿ ಅಂಗಡಿಗೆ ಹೋಯಿತು. ಮೂರು ವಾರಕ್ಕೆ ಅಂಗಡಿಯವರ ಫೋನ್: ‘ಟೀಚರೇ, ನಿಮ್ಮ ಜೇನು ಉಸಿರಾಡ್ತಾ ಇದೆ.’ ಹೋಗಿ ನೋಡಿದರೆ ಮುಚ್ಚಳ ಉಬ್ಬಿದೆ, ಮೇಲೆ ನೊರೆ, ಹುಳಿ ವಾಸನೆ. ಜೇನಿನಲ್ಲಿ ನೀರಿನಂಶ ನೂರಕ್ಕೆ 20 ದಾಟಬಾರದು ಅಂತ ನಿಯಮವೇ ಇದೆ. ದಾಟಿದರೆ ಅದರೊಳಗಿನ ಯೀಸ್ಟ್ ಕೆಲಸ ಶುರು ಮಾಡುತ್ತದೆ. ನಮ್ಮದು 23 ಇತ್ತು. ಇಪ್ಪತ್ತೇಳು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು! ಅಂಗೈ ಉದ್ದದ ರಿಫ್ರಾಕ್ಟೋಮೀಟರ್ ಒಂದಿದ್ದರೆ ಒಂದು ಹನಿ ಹಾಕಿ, ಬೆಳಕಿಗೆ ಹಿಡಿದು, ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆಮೇಲೆ ಕೊಂಡೆ ಅನ್ನಿ.

ಆದ್ದರಿಂದ ಮೊದಲ ಶನಿವಾರ ಒಲೆ ಹಚ್ಚಲೇಬೇಡಿ. ಮಕ್ಕಳಿಗೆ ಖಾಲಿ ಪ್ಯಾಕೆಟ್ ತರಲು ಹೇಳಿ. ಬಿಸ್ಕತ್ತು, ಚಿಪ್ಸ್, ಮಸಾಲೆ ಪುಡಿ, ಯಾವುದಾದರೂ ಸರಿ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತಿನ ಜೊತೆ 14 ಅಂಕಿಯ ಲೈಸೆನ್ಸ್ ಸಂಖ್ಯೆ ಇರುತ್ತದೆ, ಅದನ್ನು ಹುಡುಕಲಿ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರಬೇಕು. ‘ಹಣ್ಣಿನ ಪಾನೀಯ’ ಅಂತ ಚಿತ್ರ ಹಾಕಿರುವ ಬಾಟಲಿಯಲ್ಲಿ ಮೊದಲು ನೀರು, ಆಮೇಲೆ ಸಕ್ಕರೆ ಬಂದಾಗ ಕ್ಲಾಸಿನಲ್ಲಿ ಗಲಾಟೆ ಎದ್ದೇ ಏಳುತ್ತದೆ.

ಎರಡನೆಯದಕ್ಕೆ ನಮ್ಮ ಕರಿಮೆಣಸು ಸಾಕು. ಫೆಬ್ರವರಿ, ಮಾರ್ಚ್‌ನಲ್ಲಿ ಕೊಯ್ಲು ಇದ್ದೇ ಇರುತ್ತದೆ. ಹಸಿ ಕಾಳು ಬಿಡಿಸಿ ನೂರು ನೂರು ಗ್ರಾಮಿನ ಎರಡು ಪಾಲು ಮಾಡಿ. ಒಂದನ್ನು ಬಟ್ಟೆಯಲ್ಲಿ ಕಟ್ಟಿ ಕುದಿಯುವ ನೀರಿನಲ್ಲಿ ಒಂದೇ ನಿಮಿಷ ಅದ್ದಿ ತೆಗೆಯಿರಿ. ಈ ಕೆಲಸ ನೀವೇ ಮಾಡಿ, ಮಕ್ಕಳ ಕೈಗೆ ಬಿಸಿನೀರು ಬೇಡ. ಎರಡನ್ನೂ ಪಕ್ಕಪಕ್ಕ ಒಣಗಲು ಹಾಕಿ. ಅದ್ದಿದ್ದು ಬೇಗ ಕಪ್ಪಾಗುತ್ತದೆ, ಬಣ್ಣವೂ ಒಂದೇ ಸಮ. ಅದ್ದದೇ ಇರೋದು ಅಲ್ಲಲ್ಲಿ ಕಂದು. ಬಿಸಿಗೆ ಸಿಪ್ಪೆಯ ಕೋಶ ಒಡೆದು ಒಳಗಿನ ಕಿಣ್ವಕ್ಕೆ ಗಾಳಿ ತಾಗುತ್ತದೆ. ಹೆಚ್ಚಿಟ್ಟ ಸೇಬು ಕಪ್ಪಾಗುತ್ತದಲ್ಲ, ಹಾಗೇ. ದಿನಾ ತೂಗಿ ಪುಸ್ತಕದಲ್ಲಿ ಬರೆಯಲಿ. ತೂಕ ಇಳಿಯೋದು ನಿಂತಾಗ ನೂರು ಗ್ರಾಮಿಗೆ ಹೆಚ್ಚುಕಡಿಮೆ ಮೂವತ್ಮೂರು ಉಳಿದಿರುತ್ತದೆ. ನಮ್ಮ ಕ್ಲಾಸಿನಲ್ಲಿ ಇದನ್ನು ಮಾಡಿದಾಗ ಲೈನ್‌ಮನೆಯ ಹುಡುಗಿಯೊಬ್ಬಳು ಕೇಳಿದಳು: ‘ಹಾಗಾದ್ರೆ ಒಣಗಿಸದೇ ಮಾರಿದ್ರೆ ನೀರಿಗೂ ದುಡ್ಡು ಸಿಗುತ್ತೆ, ಅಲ್ವಾ ಟೀಚರ್?’ ಉಳಿದ ಪೀರಿಯಡ್ ಪೂರ್ತಿ ಹಸಿ ಮೆಣಸಿನ ಬೆಲೆ, ಒಣ ಮೆಣಸಿನ ಬೆಲೆ ಲೆಕ್ಕದಲ್ಲೇ ಹೋಯಿತು. ಗಣಿತದ ಮೇಷ್ಟ್ರಿಗೆ ಸ್ವಲ್ಪ ಹೊಟ್ಟೆಕಿಚ್ಚು.

ಆಮೇಲೆ ಬೇಕಾದರೆ ಕೊಡಗಿನ ಕಿತ್ತಳೆ. ಹಿಂಡಿದ ತಕ್ಷಣ ಸಿಹಿಯಾಗಿದ್ದ ರಸ ಇಟ್ಟರೆ ಯಾಕೆ ಕಹಿಯಾಗುತ್ತದೆ? ಬೀಜ, ಬಿಳಿ ನಾರು ಇಟ್ಟುಕೊಂಡು ಒಂದು ಲೋಟ, ತೆಗೆದು ಒಂದು ಲೋಟ. ಉತ್ತರ ನಾಲಿಗೆಯೇ ಹೇಳುತ್ತದೆ. ಕಾಚಂಪುಳಿ (ನಮ್ಮ ಕೊಡಗಿನ ಹಣ್ಣಿನ ಕಪ್ಪು ಹುಳಿ) ತಂದು, ಹುಳಿ ಅಳೆಯುವ ಪಿಎಚ್ ಪೇಪರ್ ಅದ್ದಿ, ಅಷ್ಟು ಹುಳಿಯಲ್ಲಿ ಕೆಡಿಸುವ ಬ್ಯಾಕ್ಟೀರಿಯಾ ಯಾಕೆ ಬೆಳೆಯೋಲ್ಲ ಅಂತ ಮಾತಾಡಿ. ಆದರೆ ಕಣಿಲೆಯನ್ನು (ಎಳೆ ಬಿದಿರು) ಶಾಲೆಯಲ್ಲಿ ಬಾಟಲಿಗೆ ತುಂಬುವ ಸಾಹಸ ಖಂಡಿತ ಬೇಡ. ಹುಳಿ ಕಡಿಮೆ ಇರುವ ತರಕಾರಿಯನ್ನು ಗಾಳಿಯಾಡದಂತೆ ಮುಚ್ಚಿಟ್ಟರೆ ಬಾಟುಲಿಸಂ ವಿಷದ ಭಯ. ಪಿಎಚ್ 4.6 ಅನ್ನೋದು ಗೆರೆ. ಅದಕ್ಕಿಂತ ಮೇಲಿದ್ದರೆ, ಅಂದರೆ ಹುಳಿ ಕಡಿಮೆ ಇದ್ದರೆ, ಬರೀ ಕುದಿಸಿದರೆ ಸಾಲದು.

ಜಾಮ್ ಕೊನೆಗೆ ಮಾಡಿ. ಕರಗಿದ ಘನಾಂಶ (ಬಹುಪಾಲು ಸಕ್ಕರೆಯೇ) ನೂರಕ್ಕೆ 65 ಬಂತಾ ಅಂತ ಅಳೆಯಲು ಆಗ ಅವರಿಗೆ ಬರುತ್ತದೆ.

ವರ್ಷಕ್ಕೊಮ್ಮೆ ಹೊರಗೂ ಕರೆದುಕೊಂಡು ಹೋಗಿ. ಕುಶಾಲನಗರದ ಕಡೆ ಕಾಫಿ ಕ್ಯೂರಿಂಗ್ ಘಟಕಗಳಿವೆ, ಒಣ ಕಾಫಿಯ ಸಿಪ್ಪೆ ಬಿಡಿಸಿ ವಿಂಗಡಿಸುವ ಜಾಗ. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) 1950ರಿಂದ ಇದೇ ಕೆಲಸ ಮಾಡುತ್ತಿದೆ, ಹುಣಸೂರು ಮೇಲೆ ಹೋದರೆ ಒಂದೇ ದಿನದಲ್ಲಿ ವಾಪಸ್. ಮೊದಲೇ ಪತ್ರ ಬರೆದು ಅನುಮತಿ ಕೇಳಿ. ಅಲ್ಲಿ ಯಂತ್ರಕ್ಕಿಂತ ಜನರನ್ನು ತೋರಿಸಿ. ಬಿಳಿ ಕೋಟು ಹಾಕಿದ ಲ್ಯಾಬಿನವರು, ಯಂತ್ರ ರಿಪೇರಿಯವರು, ಕಾಫಿ ಗುಟುಕರಿಸಿ ಉಗುಳಿ ಅಂಕ ಕೊಡುವವರು. ಉಗುಳೋದಕ್ಕೂ ಸಂಬಳ ಅಂತ ಗೊತ್ತಾದರೆ ಹುಡುಗರ ಮುಖ ನೋಡಬೇಕು ನೀವು.

ಪ್ರಶ್ನೆ: ಮಗ ಎಸ್‌ಎಸ್‌ಎಲ್‌ಸಿ ಮುಗಿಸಿದ್ದಾನೆ. ಫುಡ್ ಟೆಕ್ನಾಲಜಿ ಓದುತ್ತೇನೆ ಅಂತ ಹಠ. ಅವರಪ್ಪ ‘ಸೌಟು ಹಿಡಿಯೋಕೆ ಇಷ್ಟು ಓದಿಸಿದ್ದಾ’ ಅಂತ ಕೂಗಾಡುತ್ತಾರೆ. — ತಾಯಿ, ವಿರಾಜಪೇಟೆ

ಉತ್ತರ: ಸೌಟಿನ ಕೋರ್ಸು ಬೇರೆ ಅಮ್ಮ, ಅದು ಹೋಟೆಲ್ ಮ್ಯಾನೇಜ್‌ಮೆಂಟ್. (ಅದರಲ್ಲೂ ತಪ್ಪೇನಿಲ್ಲ.) ಇದು ಎಂಜಿನಿಯರಿಂಗ್. ಪಿಯುಸಿಯಲ್ಲಿ ವಿಜ್ಞಾನ ತಗೊಳ್ಳಲಿ, ಗಣಿತ ಮಾತ್ರ ಬಿಡೋದು ಬೇಡ. ಹರಿಯಾಣದ ಕುಂಡ್ಲಿ, ತಮಿಳುನಾಡಿನ ತಂಜಾವೂರಿನಲ್ಲಿರುವ ನಿಫ್ಟೆಮ್‌ನ (ಆಹಾರ ತಂತ್ರಜ್ಞಾನದ ಕೇಂದ್ರ ಸರ್ಕಾರಿ ಸಂಸ್ಥೆ) ಬಿಟೆಕ್‌ಗೆ ಜೆಇಇ ಮೇನ್ ಬರೆಯಬೇಕು. ಇಲ್ಲಿನ ಕೋರ್ಸುಗಳಿಗೆ ಸಿಇಟಿ ಇದೆ. ಅಷ್ಟು ಓದು ಬೇಡ ಅನಿಸಿದರೆ ಐಟಿಐನಲ್ಲಿ ಬೇಕರಿ ಟ್ರೇಡ್ ಇದೆ. ಎಲ್ಲ ಐಟಿಐಗಳಲ್ಲೂ ಇರೋಲ್ಲ, ವಿಚಾರಿಸಿ. ಪದವಿ ಆದಮೇಲೆ ಕಾಫಿ ಬೋರ್ಡಿನವರು ನಡೆಸುವ ಕಾಫಿ ಗುಣಮಟ್ಟದ ಡಿಪ್ಲೊಮಾನೂ ಇದೆ, ಒಂದು ವರ್ಷದ್ದು. ಅವರಪ್ಪನಿಗೆ ಹೀಗೆ ಕೇಳಿ: ನೀವು ಮಾರುವ ಕಾಫಿಗೆ ಎಎ, ಬಿ, ಪೀಬೆರಿ ಅಂತ ಗ್ರೇಡ್ ಹಾಕಿ ಬೆಲೆ ಕಟ್ಟುವವರು ಯಾರು? ಆ ಕುರ್ಚಿಯಲ್ಲಿ ನಮ್ಮ ಹುಡುಗ ಕೂತರೆ ಬೇಡವಾ?

ಪ್ರಶ್ನೆ: ಹತ್ತನೇ ಕ್ಲಾಸ್ ಹುಡುಗ ನಾನು. ಟೂರಿಸ್ಟ್‌ಗಳಿಗೆ ಮಾರೋಕೆ ಮನೆಯಲ್ಲೇ ವೈನ್ ಮಾಡಬಹುದಾ? — ಮಡಿಕೇರಿ

ಉತ್ತರ: ಇಲ್ಲ ಮಗಾ. ಅದನ್ನು ಮಾರಲು ಅಬಕಾರಿ ಇಲಾಖೆಯ ಲೈಸೆನ್ಸ್ ಬೇಕು, ನಿನಗೆ ವಯಸ್ಸೂ ಆಗಿಲ್ಲ. ಅದೇ ಹಣ್ಣಿನಿಂದ ಸ್ಕ್ವಾಷ್ ಮಾಡು. ನೂರಕ್ಕೆ 25 ಪಾಲಾದರೂ ಹಣ್ಣಿನ ರಸ ಇರಬೇಕು. ಎಷ್ಟು ಹಾಕಿದೆ ಅಂತ ಬರೆದಿಟ್ಟು ಕಳಿಸು, ನೋಡ್ತೀನಿ.