‘ವಾಪಸ್ ಬಾ’ ಅಂತ ನೋಟಿಸ್ ಬಂದಾಗ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆಕೆಗೆ ಮೂವತ್ತರ ಆಸುಪಾಸು. ಗಂಡನ ಹೊಡೆತ ತಾಳಲಾರದೆ ಚಿಕ್ಕ ಮಗನ ಜೊತೆ ತವರಿಗೆ ಬಂದವರು. ಈಗ ಗಂಡನ ಊರಿನ ಕೌಟುಂಬಿಕ ನ್ಯಾಯಾಲಯದಿಂದ ನೋಟಿಸ್ ಬಂದಿದೆ. ಹಿಂದೂ ವಿವಾಹ ಕಾಯ್ದೆಯ 9ನೇ ಕಲಂ, ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ, ಅಂದರೆ ಬಿಟ್ಟು ಹೋದ ಸಂಗಾತಿ ವಾಪಸ್ ಬಂದು ಸಂಸಾರ ಮಾಡಬೇಕು ಎಂಬ ಅರ್ಜಿ. “ಪೊಲೀಸರು ಎಳ್ಕೊಂಡು ಹೋಗ್ತಾರಾ ಮೇಡಂ?” ಅಂದರು. ಮರುಕ್ಷಣವೇ, “ನಾನು ಹೋಗದಿದ್ರೆ ಕೇಸ್ ಬಿದ್ದುಹೋಗತ್ತೆ ಅಲ್ವಾ?”

ಎರಡೂ ಆಗುವುದಿಲ್ಲ. ಇದು ಸಿವಿಲ್ ಪ್ರಕರಣ. ಆಕೆ ಪ್ರತಿವಾದಿ, ಆರೋಪಿ ಅಲ್ಲ. ವಾಪಸ್ ಹೋಗಬೇಕೆಂದು ಡಿಕ್ರಿ (ಕೋರ್ಟಿನ ತೀರ್ಪು) ಆದರೂ ಯಾರನ್ನೂ ಹಿಡಿದು ತಂದು ಸಂಸಾರ ಮಾಡಿಸುವುದಿಲ್ಲ. ಪಾಲಿಸದಿದ್ದರೆ ಆಸ್ತಿ ಜಪ್ತಿಗೆ ದಾರಿಯಾಗಬಹುದು, ಅಷ್ಟೇ. ಡಿಕ್ರಿಯಾಗಿ ಒಂದು ವರ್ಷವಾದರೂ ಇಬ್ಬರೂ ಮತ್ತೆ ಒಂದಾಗದಿದ್ದರೆ ಯಾರು ಬೇಕಾದರೂ ಅದೇ ಆಧಾರದ ಮೇಲೆ ವಿಚ್ಛೇದನ ಕೇಳಬಹುದು. ಎಷ್ಟೋ ಜನ ಈ ಅರ್ಜಿ ಹಾಕುವುದೇ ಅದಕ್ಕೆ ಅಂತ ನನ್ನ ಅನಿಸಿಕೆ.

ಹೋಗದಿದ್ದರೆ ಮಾತ್ರ ನಷ್ಟ ಜಾಸ್ತಿ. ಏಕಪಕ್ಷೀಯವಾಗಿ ತೀರ್ಪಾಗಬಹುದು. ಮನೆ ಬಿಡಲು ಸರಿಯಾದ ಕಾರಣ ಇತ್ತು ಎಂದು ತೋರಿಸುವ ಹೊಣೆ ಬಿಟ್ಟು ಬಂದವರದ್ದೇ. ಹಾಗಾಗಿ ಆಸ್ಪತ್ರೆ ಚೀಟಿ, ವಾಟ್ಸಾಪ್ ಮೆಸೇಜು, ಆ ರಾತ್ರಿ ಬಂದು ಬಿಡಿಸಿದ ನೆರೆಮನೆಯವರ ಹೆಸರು, ಎಲ್ಲವನ್ನೂ ತಾರೀಖಿನ ಪ್ರಕಾರ ಬರೆದಿಡಲು ಹೇಳಿದೆ. “ಇದೆಲ್ಲ ಸಾಕ್ಷಿ ಆಗತ್ತಾ?” ಎಂದು ಅನುಮಾನಪಟ್ಟರು. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984ರ 14ನೇ ಕಲಂ ಇಲ್ಲಿ ಉದಾರವಾಗಿದೆ. ಸಾಕ್ಷ್ಯ ಕಾನೂನಿನ ಬಿಗಿ ನಿಯಮಕ್ಕೆ ಹೊಂದದಿದ್ದರೂ, ವಿವಾದ ಬಗೆಹರಿಸಲು ನೆರವಾಗುತ್ತದೆ ಅನಿಸಿದ ದಾಖಲೆಯನ್ನು ಕೋರ್ಟ್ ತೆಗೆದುಕೊಳ್ಳಬಹುದು.

ಖರ್ಚಿಗೆ, ಮಗುವಿಗೆ, ಒಡವೆಗೆ ಒಂದೊಂದು ಕೋರ್ಟ್ ಅಲೆಯಬೇಕು ಎಂದು ಆಕೆಗೆ ಯಾರೋ ಹೇಳಿದ್ದರಂತೆ. ಸುಮ್ನೆ ಹೆದರಿಸಿದ್ದಾರೆ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೇ ಕಲಂ ಪ್ರಕಾರ ಜೀವನಾಂಶ, ಮಗುವಿನ ಪಾಲನೆ, ಗಂಡ ಹೆಂಡತಿಯ ಆಸ್ತಿ ವಿವಾದ ಎಲ್ಲವೂ ಇದೇ ಕೋರ್ಟಿನ ವ್ಯಾಪ್ತಿ. ಈ ಕೇಸಿನಲ್ಲೇ ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಅಡಿ ಮಧ್ಯಂತರ ಜೀವನಾಂಶ (ಕೇಸ್ ಮುಗಿಯುವವರೆಗಿನದು) ಮತ್ತು ಕೇಸಿನ ಖರ್ಚು ಕೇಳಬಹುದು. ಅದೇ ಕಾಯ್ದೆಯ 26ನೇ ಕಲಂ ಅಡಿ ಮಗುವಿನ ವಿಚಾರ ಎತ್ತಬಹುದು. ಹೊಡೆದದ್ದಕ್ಕೆ ಕ್ರಿಮಿನಲ್ ದೂರು ಮಾತ್ರ ಬೇರೆ ಕಡೆಗೆ. ಮೈದುನನ ಜೊತೆಗಿನ ಜಮೀನು ತಂಟೆಯನ್ನೂ ಇಲ್ಲಿ ತರಲಾಗದು.

ವಕೀಲರ ಬಗ್ಗೆ ಒಂದು ಮಾತು. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಂ ಪ್ರಕಾರ ಇಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ಕೋರ್ಟಿನ ಅನುಮತಿ ಬೇಕು. ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಹಣ ಇಲ್ಲ ಅಂದರು. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿದೆ. ಎರಡೂ ಊರು ಒಂದೇ ರಾಜ್ಯದಲ್ಲಿ ಇರುವುದರಿಂದ ಕೇಸನ್ನು ತವರಿನ ಊರಿಗೆ ವರ್ಗಾಯಿಸಲು ಹೈಕೋರ್ಟನ್ನು ಕೇಳಬಹುದು. ಆದರೆ ವರ್ಗಾವಣೆ ಆಗುತ್ತದೆಂದು ಮೊದಲ ದಿನಾಂಕ ತಪ್ಪಿಸಬೇಡಿ ಎಂದೆ.

ಕೋರ್ಟ್ ರಾಜಿಗೆ ಪ್ರಯತ್ನಿಸಲೇಬೇಕು, ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಂ ಹಾಗೆ ಹೇಳುತ್ತದೆ. ಆ ಮಾತುಕತೆಗೆ ಹೋದರೆ ವಾಪಸ್ ಕಳಿಸಿಬಿಡುತ್ತಾರೆ ಎಂಬ ಭಯ ಆಕೆಗಿತ್ತು. ರಾಜಿ ಎಂದರೆ ಒಪ್ಪಿ ಬೇರೆಯಾಗುವುದೂ ಹೌದು, ಮಗನ ಭೇಟಿಯ ವೇಳೆ ನಿಗದಿಯೂ ಹೌದು. ಗಂಡನ ಎದುರು ಕೂರಲು ಹೆದರಿಕೆಯಾದರೆ ಪ್ರತ್ಯೇಕವಾಗಿ ಮಾತಾಡಿಸಿ ಎಂದು ಕೇಳಿ, ಬೇಡವಾದ ಕಾಗದಕ್ಕೆ ಸಹಿ ಹಾಕಬೇಡಿ ಎಂದೆ. ಆಕೆ ಅಣ್ಣನ ಜೊತೆ ಹೋಗಿ ಹಾಜರಾದರು. ಮಧ್ಯಂತರ ಜೀವನಾಂಶದ ಅರ್ಜಿ ಸಲ್ಲಿಕೆಯಾಗಿದೆ. ಗಂಡನ ತಕರಾರು ಇನ್ನೂ ಬರಬೇಕು.