ಸ್ವಿಸ್ ಬೆಟ್ಟದವರೂ ನಮ್ಮ ನಾಯಕರೂ

ವಿರಾಜಪೇಟೆ ಕಡೆಯ ನಿವೃತ್ತ ಸುಬೇದಾರರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹಾಲೇರಿ ಅರಸರಿಗೂ ಮುಂಚೆ ಕೊಡಗನ್ನು ಆಳಿದ ನಾಯಕರ ಬಗ್ಗೆ ಹೋದ ತಿಂಗಳು ಲೇಖನ ಹಾಕಿದ್ದೆವು. ಅದರಲ್ಲಿ 'ಒಡೆದ ನಾಡುಗಳ ದುರ್ಬಲ ಸೇನೆ' ಎಂಬ ಮಾತಿತ್ತು. ಅದು ಅವರಿಗೆ ನೋವು ತಂದಿದೆ. "ಸ್ವಿಟ್ಜರ್ಲೆಂಡೂ ನಮ್ಮ ಹಾಗೇ ಬೆಟ್ಟದ ಸೀಮೆ. ಅಲ್ಲೂ ಒಬ್ಬ ದೊರೆ ಇರಲಿಲ್ಲ. ಅವರನ್ನು ಗೆದ್ದವರು ಯಾರು?" ಎಂದು ಕೇಳಿದ್ದಾರೆ.

ಸುಬೇದಾರರೇ, ನಮಸ್ಕಾರ. ಅರ್ಧ ಮಾತು ನಿಮ್ಮದೇ ಸರಿ. 1315ರಲ್ಲಿ ಮೋರ್ಗಾರ್ಟನ್ ಕಣಿವೆಯಲ್ಲಿ ಸ್ವಿಸ್ ರೈತರು ಆಸ್ಟ್ರಿಯಾದ ಕುದುರೆ ಸವಾರರನ್ನು ಸೋಲಿಸಿದರು. 1477ರಲ್ಲಿ ಬರ್ಗಂಡಿಯ ಚಾರ್ಲ್ಸ್ ದೊರೆ ಇವರ ಎದುರು ಸತ್ತೇ ಹೋದ. ಅವರ ಉದ್ದ ಈಟಿಗೆ ಯುರೋಪೇ ಹೆದರುತ್ತಿತ್ತು.

ಆದರೆ 1515ಕ್ಕೆ ಬನ್ನಿ. ಇಟಲಿಯ ಮರಿನ್ಯಾನೋದಲ್ಲಿ ಎದುರಿಗಿದ್ದದ್ದು ಫ್ರಾನ್ಸಿನ ದೊರೆ. ಯುದ್ಧಕ್ಕೆ ಮುಂಚೆಯೇ ಆತ ಹಣದ ಮಾತಾಡಿದ. ಬರ್ನ್, ಫ್ರಿಬೂರ್ಗ್, ಸೊಲೊತುರ್ನ್ ಕಡೆಯ ದಂಡು ಒಪ್ಪಿಕೊಂಡು ಮನೆಗೆ ಹೊರಟಿತು. ಉಳಿದವರು ಎರಡು ದಿನ ಹೋರಾಡಿ ಸೋತರು. ಹೋದವರನ್ನು ತಡೆಯುವ ಅಧಿಕಾರ ಯಾರಿಗೂ ಇರಲಿಲ್ಲ. ದಂಡು ಆಯಾ ಕ್ಯಾಂಟನ್ನಿನದು, ಅಂದರೆ ಸ್ವಿಸ್ ಒಕ್ಕೂಟಕ್ಕೆ ಸೇರಿದ ಒಂದೊಂದು ನಾಡಿನದು, ಒಕ್ಕೂಟದ್ದಲ್ಲ.

ಇನ್ನು 1798. ಇದನ್ನು ಓದುವಾಗ ನನಗೆ ಪ್ರತಿ ಸಲ ಹೊಟ್ಟೆ ಕಿವುಚುತ್ತದೆ. ಫ್ರೆಂಚ್ ಸೇನೆ ಗಡಿಯಲ್ಲಿದೆ. ಕ್ಯಾಂಟನ್ನುಗಳ ಪ್ರತಿನಿಧಿಗಳು ಆರೌ ಊರಿನಲ್ಲಿ ಸೇರಿ, ಜನವರಿ 25ರಂದು ಒಗ್ಗಟ್ಟಿನ ಪ್ರಮಾಣ ಮಾಡಿದರು. ಆಮೇಲೆ ಚದುರಿದರು. ದೊಡ್ಡ ವಿಷಯಕ್ಕೆಲ್ಲ ಅವರು ಊರಿಗೆ ಹೋಗಿ ಕೇಳಿಕೊಂಡು ಬರಬೇಕಿತ್ತು. ಒಕ್ಕೂಟಕ್ಕೆ ಅಂತ ಒಂದು ಖಜಾನೆ ಇಲ್ಲ, ಕಾಯಂ ಸೇನಾಪತಿ ಇಲ್ಲ. ಮಾರ್ಚ್ 2ಕ್ಕೆ ಫ್ರಿಬೂರ್ಗ್, ಸೊಲೊತುರ್ನ್ ಎರಡೂ ಬಿದ್ದವು. ಬರ್ನ್ ಸಹಾಯಕ್ಕೆ ಬಂದಿದ್ದ ಬೇರೆ ಕ್ಯಾಂಟನ್ನುಗಳ ದಂಡು ಹಿಂದೆಯೇ ನಿಂತಿತ್ತು. ಯುದ್ಧಕ್ಕೆ ಇಳಿಯಲೇ ಇಲ್ಲ.

ಮಾರ್ಚ್ 5ರಂದು ನೊಯೆನೆಗ್‌ನಲ್ಲಿ ಬರ್ನಿನವರು ಫ್ರೆಂಚರನ್ನು ಹೊಳೆಯಾಚೆ ಅಟ್ಟಿದರು. ಗೆದ್ದರು. ಅದೇ ದಿನ ಇನ್ನೊಂದು ಕಡೆ, ಗ್ರೌಹೋಲ್ಜ್‌ನಲ್ಲಿ, ಅವರದೇ ಜನ ಸೋತು ಬರ್ನ್ ನಗರ ಶರಣಾಯಿತು. ಗೆದ್ದ ಸಿಪಾಯಿಗಳ ಕಿವಿಗೆ ಬಿದ್ದದ್ದು ಆ ಸುದ್ದಿ. ಶ್ವಿಟ್ಸ್ ಕ್ಯಾಂಟನ್ ಕೋವಿ ಹಿಡಿದು ನಿಂತು ಚೆನ್ನಾಗಿಯೇ ಹೋರಾಡಿತು. ಯಾವಾಗ? ಮೇ ತಿಂಗಳಲ್ಲಿ! ಬರ್ನ್ ಬಿದ್ದು ಎರಡು ತಿಂಗಳಾದ ಮೇಲೆ. ನಿಡ್‌ವಾಲ್ಡನ್‌ನವರು ತಿರುಗಿಬಿದ್ದದ್ದು ಸೆಪ್ಟೆಂಬರಿನಲ್ಲಿ. ಎಲ್ಲರೂ ಹೋರಾಡಿದರು, ಒಟ್ಟಿಗೆ ಹೋರಾಡಲಿಲ್ಲ. ನೀವು ಸೇನೆಯಲ್ಲಿ ಇದ್ದು ಬಂದವರು, ಈ ವ್ಯತ್ಯಾಸ ನನಗಿಂತ ಜಾಸ್ತಿ ನಿಮಗೆ ಗೊತ್ತು.

ನಮ್ಮ ಊರಿನ ಮಾತೇ ಹೇಳುತ್ತೇನೆ. ನಮ್ಮ ಸಾಲಿನ ನಾಲ್ಕು ತೋಟದವರು ಆನೆಗೆ ಅಂತ ಸೋಲಾರ್ ಬೇಲಿ ಹಾಕಿಸಿದೆವು, ಅವರವರ ತೋಟಕ್ಕೆ ಅವರವರೇ. ಒಂದು ತೋಟದ ಬ್ಯಾಟರಿ ಸತ್ತಿತ್ತು, ನಾಳೆ ನೋಡೋಣ ಅಂತ ಬಿಟ್ಟಿದ್ದರು. ಆನೆ ಅಲ್ಲಿಂದಲೇ ನುಗ್ಗಿ ನಾಲ್ಕೂ ತೋಟ ತುಳಿಯಿತು. ಉಳಿದ ಮೂವರ ಬೇಲಿಯಲ್ಲಿ ಕರೆಂಟ್ ಹರಿಯುತ್ತಲೇ ಇತ್ತು.

ಅಮೆರಿಕದವರೂ ಈ ಪಾಡು ಪಟ್ಟಿದ್ದಾರೆ. ಬ್ರಿಟಿಷರ ಜೊತೆ ಯುದ್ಧ ಮುಗಿಸಿ ಒಪ್ಪಂದ ಮಾಡಿಕೊಂಡ ಮರುವರ್ಷ, 1784ರಲ್ಲಿ, ಅವರ ಕಾಂಗ್ರೆಸ್ ಇಡೀ ಸೇನೆಯನ್ನು 80 ಜನಕ್ಕೆ ಇಳಿಸಿತು. ಪಿಟ್ ಕೋಟೆಯ ಉಗ್ರಾಣಕ್ಕೆ 25, ವೆಸ್ಟ್ ಪಾಯಿಂಟ್‌ಗೆ 55. ಕಾಂಗ್ರೆಸ್‌ಗೆ ತೆರಿಗೆ ಹಾಕುವ ಹಕ್ಕೇ ಇರಲಿಲ್ಲ, ರಾಜ್ಯಗಳ ಹತ್ತಿರ ಕೇಳಬೇಕು, ಅವು ಕೊಟ್ಟರೆ ಉಂಟು. 1786ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಸಾಲದಲ್ಲಿ ಮುಳುಗಿದ ರೈತರು ದಂಗೆ ಎದ್ದಾಗ, ಅಡಗಿಸಲು ದಂಡು ಕಟ್ಟಿದ್ದು ಬಾಸ್ಟನ್ ವ್ಯಾಪಾರಿಗಳ ದುಡ್ಡಿನಲ್ಲಿ. ಮರುವರ್ಷವೇ ಅವರು ಹೊಸ ಸಂವಿಧಾನ ಬರೆಯಲು ಕೂತರು. ಸ್ವಿಸ್ಸರು ಬರೆದದ್ದು 1848ರಲ್ಲಿ, ತಮ್ಮತಮ್ಮಲ್ಲೇ ಒಂದು ಯುದ್ಧ ಮಾಡಿಕೊಂಡ ಮೇಲೆ.

ಈಗ ನಮ್ಮ ನಾಯಕರ ವಿಷಯ. ಕೊಡಗಿನ ವಿಭಾಗಗಳನ್ನು 35 ನಾಡು, 12 ಕೊಂಬು ಅಂತ ನಮ್ಮ ಹಿರಿಯರು ಎಣಿಸುತ್ತಿದ್ದರು, ಅಲ್ವಾ? ನಾಯಕರು ತಮ್ಮ ತಮ್ಮ ನಾಡು ನೋಡಿಕೊಂಡರು, ನಡುನಡುವೆ ಜಗಳವಾಡಿಕೊಂಡರು. ಹಾಲೇರಿಯವರು ಒಬ್ಬೊಬ್ಬರನ್ನೇ ತಮ್ಮ ಆಳ್ವಿಕೆಗೆ ಸೇರಿಸಿಕೊಂಡರು. ಇದರಲ್ಲಿ ಹೇಡಿತನದ ಮಾತೇ ಇಲ್ಲ. ಹಾಲೇರಿ ಅರಸ ದೊಡ್ಡ ವೀರರಾಜೇಂದ್ರ 1788ರಲ್ಲಿ ಟಿಪ್ಪುವಿನ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದಾಗ ಜೊತೆಗೆ ನಿಂತವರು ಅದೇ ನಾಡುಗಳ ಜನ, ಅದೇ ಬೆಟ್ಟ, ಅದೇ ಕಾಡು. ಕೆಲವೇ ವರ್ಷದಲ್ಲಿ ಟಿಪ್ಪುವಿನ ಪಡೆ ಕೊಡಗು ಬಿಟ್ಟು ಹೋಗಬೇಕಾಯಿತು. ಬದಲಾದದ್ದು ಒಂದೇ: ಈ ಸಲ ಕರೆ ಒಬ್ಬನದಾಗಿತ್ತು.

ಹಾಗಾಗಿ 'ದುರ್ಬಲ ಸೇನೆ' ಎಂದದ್ದು ನಮ್ಮ ತಪ್ಪು. ಸೇನೆ ದುರ್ಬಲವಾಗಿರಲಿಲ್ಲ, ಅದನ್ನು ಕಟ್ಟಿದ ಹಗ್ಗ ಸಡಿಲವಾಗಿತ್ತು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ನಿಮ್ಮ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಹಳೇ ಕೋವಿ ಇದೆ ಎಂದು ಬರೆದಿದ್ದೀರಿ. ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹೊತ್ತಿಗೆ ಅದನ್ನು ನೋಡಲು ಬರುತ್ತೇನೆ, ದಯವಿಟ್ಟು ಬೇಡ ಎನ್ನಬೇಡಿ.

— ಸಂಪಾದಕ